ಶಾಲು ತರಲು ಹೋದವರು

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ವಿಮಾ ಕಂಪನಿಯ ಅಧಿಕಾರಿ ಠಾಣೆಗೆ ಬಂದು ಲಿಖಿತ ದೂರು ಕೊಟ್ಟರು. ಪೇಟೆಬೀದಿಯ ಬಡಗಿ ಮೇಸ್ತ್ರಿ ಹೆಂಡತಿಯೊಡನೆ ವಿದೇಶ ಪ್ರವಾಸಕ್ಕೆ ಹೋಗಿದ್ದರು. ಅಲ್ಲಿ ಕಡಲ ದಂಡೆಯ ವಸತಿಗೃಹದ ನಾಲ್ಕನೆಯ ಮಹಡಿಯಿಂದ ಆಕೆ ಬಿದ್ದು ತೀರಿಕೊಂಡರು. ಬಾಲ್ಕನಿಯ ಮರದ ಕಟಕಟೆ ಕಳಚಿ ಅಪಘಾತವಾಯಿತೆಂದು ಮೇಸ್ತ್ರಿ ಈಗ ವಿಮೆಯ ಪರಿಹಾರ ಕೇಳಿದ್ದರು.

“ಕಟಕಟೆ ಮುರಿದಿಲ್ಲ ಸರ್, ಯಾರೋ ಬಿಚ್ಚಿದ್ದಾರೆ. ರಿಪೇರಿಗೆ ಬಿಚ್ಚಿ ಹಾಗೇ ಬಿಟ್ಟ ಅಂತ ಅಲ್ಲಿಯ ಪೊಲೀಸರು ವಸತಿಗೃಹದ ಮೇಲ್ವಿಚಾರಕನನ್ನ ಒಳಗೆ ಹಾಕಿದ್ದಾರೆ. ಅವನು ಮುಟ್ಟೇ ಇಲ್ಲ ಅಂತಾನೆ. ಅವತ್ತು ಬೆಳಿಗ್ಗೆ ನೆಲ ಒರೆಸಿದ ಹೆಂಗಸೂ ಕಟಕಟೆ ಗಟ್ಟಿಯಾಗೇ ಇತ್ತು ಅಂತಾಳೆ.”

ಇನ್ಸ್‌ಪೆಕ್ಟರು ವಂಚನೆ ಮತ್ತು ಸುಳ್ಳು ಸಾಕ್ಷ್ಯ ಸೃಷ್ಟಿಯ ಆರೋಪದಡಿ ಎಫ್‌ಐಆರ್ ದಾಖಲಿಸಿದರು. ಮನಸ್ಸಿನಲ್ಲಿ ಅದಕ್ಕಿಂತ ದೊಡ್ಡ ಸಂಶಯವಿತ್ತು.

ಜೀಪಿನಲ್ಲಿ ದಫೇದಾರರು ಗೊಣಗಿದರು. “ನಮಗೆ ಅತ್ತೆಮನೆಗೆ ಹೋಗೋಕೆ ಎರಡು ದಿನ ರಜಾ ಸಿಗಲ್ಲ. ಇವನು ಕಡಲು ದಾಟಿ ಹೋಗಿ ಹೆಂಡತೀನ ತಳ್ಳಿ ಬಂದಿದ್ದಾನೆ ನೋಡಿ.”

“ಅತ್ತೆಮನೇಲಿ ನಿನ್ನನ್ನ ಯಾರು ಕಾಯ್ತಿದ್ದಾರೆ? ಸುಮ್ನೆ ಕೂತ್ಕೋ,” ಎಂದರು ಇನ್ಸ್‌ಪೆಕ್ಟರು. ಅವರ ಕೈಯಲ್ಲಿ ಅಲ್ಲಿಯ ಪೊಲೀಸರು ತೆಗೆದ ಚಿತ್ರವಿತ್ತು. ಕಟಕಟೆಯ ಒಂದು ತುದಿ ಕಳಚಿ ಜೋತುಬಿದ್ದಿತ್ತು. ಪಕ್ಕದ ಕಿಟಕಿಯ ದಂಡೆಯ ಮೇಲೆ ನಾಲ್ಕು ಸ್ಕ್ರೂಗಳು ತಲೆ ಕೆಳಗಾಗಿ, ಚೂಪು ಮೇಲಾಗಿ, ಒಂದೇ ಗೆರೆಯಲ್ಲಿ ನಿಂತಿದ್ದವು.

ಅಂಗಡಿಯಲ್ಲಿ ಮೇಸ್ತ್ರಿ ಹಳೆಯ ಬಾಗಿಲೊಂದರ ಕೀಲು ಬಿಚ್ಚುತ್ತಿದ್ದರು. ಅರವತ್ತು ದಾಟಿದ ಸಣಕಲು ದೇಹ. ಪೊಲೀಸರನ್ನು ಕಂಡು ಎದ್ದು ನಿಂತರು. ಬೆಂಚಿನ ಮೇಲೆ, ಆಗತಾನೆ ತೆಗೆದ ಸ್ಕ್ರೂಗಳು ಹಾಗೆಯೇ ತಲೆ ಕೆಳಗಾಗಿ ಸಾಲಾಗಿ ನಿಂತಿದ್ದವು.

ಇನ್ಸ್‌ಪೆಕ್ಟರು ಚಿತ್ರವನ್ನು ಆ ಸಾಲಿನ ಪಕ್ಕದಲ್ಲಿಟ್ಟರು. ಮೇಸ್ತ್ರಿ ಎರಡನ್ನೂ ನೋಡಿ ಕಣ್ಣು ಮುಚ್ಚಿಕೊಂಡರು.

“ಕೈ ಅಭ್ಯಾಸ ಸಾರ್,” ಎಂದರು. “ಉರುಳಿ ಹೋಗಬಾರದು ಅಂತ ನಮ್ಮಪ್ಪ ಕಲಿಸಿದ್ದು. ಆ ಹೊತ್ತಲ್ಲೂ ಹಾಗೇ ಇಟ್ಟುಬಿಟ್ಟಿದ್ದೀನಿ.”

ಇಬ್ಬರು ನೆರೆಯವರ ಎದುರು ಪಂಚನಾಮೆ ನಡೆಯಿತು. ಮಧ್ಯಾಹ್ನ ಒಂದು ಗಂಟೆಗೆ ಠಾಣೆಯಲ್ಲಿ ವಿಚಾರಣೆ ಆರಂಭವಾಯಿತು.

“ಕಟಕಟೆ ಬಿಚ್ಚಿದ್ದು ಯಾಕೆ?”

ಮೇಸ್ತ್ರಿ ಉಗುರಿನ ಸಂದಿಯ ಮರದ ಪುಡಿ ಕೆರೆಯತೊಡಗಿದರು.

“ಹೆಂಡತೀನ ತಳ್ಳಿದ್ರಾ?”

ಮೇಸ್ತ್ರಿ ತಲೆ ಎತ್ತಿದರು. “ಹೂಂ. ನಾನೇ ತಳ್ಳಿದೆ ಅಂತ ಬರ್ಕೊಳ್ಳಿ ಸಾರ್.”

ದಫೇದಾರರು ಲೇಖನಿ ಎತ್ತಿದರು. ಇನ್ಸ್‌ಪೆಕ್ಟರು ಕೈಸನ್ನೆಯಲ್ಲೇ ತಡೆದರು.

“ಸುಳ್ಳು. ಆಕೆ ಬಿದ್ದಾಗ ನೀವು ಕೆಳಗೆ ಚಹಾ ಹಿಡ್ಕೊಂಡು ನಿಂತಿದ್ರಿ. ಮೂರು ಜನ ನೋಡಿದ್ದಾರೆ, ಅಲ್ಲಿಯ ಪೊಲೀಸರ ವರದೀಲಿದೆ. ಓಡಿಹೋಗಿ ನೋಡಿದ್ರಿ, ಹೊದಿಸೋಕೆ ಶಾಲು ತರ್ತೀನಿ ಅಂತ ಮೇಲೆ ಹೋದ್ರಿ. ಒಂದು ಶಾಲು ತರೋಕೆ ಅಷ್ಟು ಹೊತ್ತು ಬೇಕಾಯ್ತಾ ಮೇಸ್ತ್ರಿ?”

ಮೇಸ್ತ್ರಿ ಕೈ ಜೋಡಿಸಿದರು. “ತಳ್ಳಿದೆ ಅಂತಾನೇ ಇರಲಿ. ಗಲ್ಲಿಗೆ ಬೇಕಾದ್ರೂ ಹಾಕಿ. ಬೇರೇದು ಕೇಳಬೇಡಿ.”

“ನೀವು ಗಲ್ಲಿಗೆ ಹೋಗಬಹುದು. ಆ ಮೇಲ್ವಿಚಾರಕ ಯಾಕೆ ಹೋಗಬೇಕು? ಅವನಿಗೂ ಹೆಂಡತಿ, ಮಗಳು ಇದ್ದಾರಂತೆ. ಮಗಳು ದಿನಾ ಜೈಲಿನ ಬಾಗಿಲಿಗೆ ಬಂದು ನಿಲ್ತಾಳಂತೆ.”

“ಮಗಳಾ?” ಎಂದರು ಮೇಸ್ತ್ರಿ. ಆಮೇಲೆ ಗೋಡೆಗೆ ಮುಖ ಮಾಡಿ ಅತ್ತರು. ದಫೇದಾರರು ಲೋಟದಲ್ಲಿ ನೀರು ತಂದಿಟ್ಟು ಹೊರಗೆ ಹೋಗಿ ನಿಂತರು.

ನಿಜ ಹೊರಬಂತು. ಹಿಂದಿನ ವರ್ಷ ಅವರ ಮಗ ಜ್ವರದಲ್ಲಿ ತೀರಿಕೊಂಡಿದ್ದ. ಅಂದಿನಿಂದ ತಾಯಿಗೆ ಅನ್ನ ಸೇರಲಿಲ್ಲ, ನಿದ್ದೆ ಹತ್ತಲಿಲ್ಲ. ನಾಲ್ಕು ದಿನ ಕಡಲು ನೋಡಿದರೆ ಅಮ್ಮ ಸರಿಹೋಗುತ್ತಾಳೆಂದು ಮಗಳೇ ಟಿಕೆಟ್ ತೆಗೆಸಿದಳು. ತಾಯಿ ಒಲ್ಲೆನೆಂದರೂ ಕಾಡಿ ಬೇಡಿ ಕಳಿಸಿದಳು.

“ಮೇಲೆ ಹೋಗಿ ನೋಡ್ತೀನಿ, ಕಟಕಟೆಗೆ ಕುರ್ಚಿ ಒತ್ತಿ ಇಟ್ಟಿದ್ಲು. ಕನ್ನಡಕ ತೆಗೆದು ಕುರ್ಚಿ ಮೇಲಿಟ್ಟಿದ್ಲು. ಚಪ್ಪಲಿ ಕೆಳಗೆ ಜೋಡಿಸಿಟ್ಟಿದ್ಲು. ನನಗೆ ಮಗಳದೇ ಮುಖ ಕಣ್ಮುಂದೆ ಬಂತು ಸಾರ್. ಅಮ್ಮ ತಾನಾಗೇ ಹಾರಿದ್ಲು ಅಂತ ಗೊತ್ತಾದ್ರೆ ಅವಳು ತಾಳ್ತಾಳಾ ಅನ್ನಿಸ್ತು. ಕುರ್ಚಿ ಒಳಗೆಳೆದೆ. ನನ್ನ ಚೀಲದಲ್ಲಿ ಯಾವಾಗಲೂ ಸ್ಕ್ರೂಡ್ರೈವರ್ ಇರುತ್ತೆ...”

“ಪರಿಹಾರ ಯಾಕೆ ಕೇಳಿದ್ರಿ?”

“ಅಳಿಯಂದಿರು ‘ಮಾವ, ಕಟಕಟೆ ಕಳಚಿ ಸತ್ತವರಿಗೆ ಪರಿಹಾರ ಕೇಳಲ್ವಾ?’ ಅಂದ್ರು. ಕೇಳದೇ ಇದ್ರೆ ಅನುಮಾನ ಬರುತ್ತಲ್ಲ. ಮೇಲ್ವಿಚಾರಕನನ್ನ ಹಿಡಿದಿದ್ದಾರೆ ಅಂತ ಗೊತ್ತಿತ್ತು. ಇವತ್ತು ಬಿಡ್ತಾರೆ, ನಾಳೆ ಬಿಡ್ತಾರೆ ಅಂತ ದೇವರಿಗೆ ಕೈ ಮುಗೀತಾ ಕೂತೆ. ಬಾಯಿ ಬಿಡಲಿಲ್ಲ.”

ಸಂಜೆ ಐದಕ್ಕೆ ಬಂಧನವಾಯಿತು. ಹೇಳಿಕೆಯ ಪ್ರತಿ ಆ ದೇಶದ ಪೊಲೀಸರಿಗೆ ಹೋಯಿತು. ಮೇಸ್ತ್ರಿ ಕೇಳಿದ್ದು ಒಂದೇ, ಮಗಳಿಗೆ ತಾನೇ ಹೇಳಬೇಕೆಂದು. ಇನ್ಸ್‌ಪೆಕ್ಟರು ಒಪ್ಪಿದರು.

ಮಗಳು ಬಂದು ಬೆಂಚಿನ ಮೇಲೆ ತಂದೆಯ ಪಕ್ಕ ಕೂತಳು. ಅವರು ತಗ್ಗಿದ ದನಿಯಲ್ಲಿ ಹೇಳಿ ಮುಗಿಸಿದರು.

“ಅಮ್ಮ ಹೋಗಲ್ಲ ಅಂದಿದ್ಲು ಅಪ್ಪಾ,” ಎಂದಳು ಅವಳು. “ನಾನೇ ಹಠ ಮಾಡಿ ಕಳಿಸ್ದೆ.”

“ಅದಕ್ಕೇ ಕಣಮ್ಮಾ.”

ಮಗಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಮೇಸ್ತ್ರಿ ಹಣಕ್ಕೆ ಆಸೆಪಟ್ಟವರಲ್ಲ. ಮಗಳ ಪಾಲಿನ ದುಃಖವನ್ನೂ ತಾನೇ ಹೊರುತ್ತೇನೆಂದು ಹೊರಟರು. ಅಷ್ಟು ಅಗಲದ ಹೆಗಲನ್ನು ದೇವರು ಯಾವ ತಂದೆಗೂ ಕೊಟ್ಟಿಲ್ಲ. ಹೊರಲಾರದ್ದನ್ನು ಅವರು ಕಡಲಾಚೆಯ ಒಬ್ಬ ನಿರಪರಾಧಿಯ ಮೇಲೆ ಇಳಿಸಿ ಬಂದಿದ್ದರು.

ಮಗಳು ಕೊನೆಗೆ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದಳು. “ಆ ಮೇಲ್ವಿಚಾರಕರನ್ನ ಬಿಡ್ತಾರಾ ಸರ್?”

“ಬಿಡ್ತಾರಮ್ಮ.”

“ಅಪ್ಪನಿಗೆ ಊಟ ತರಬಹುದಾ?”

ಇನ್ಸ್‌ಪೆಕ್ಟರು ತಲೆಯಾಡಿಸಿದರು. “ನಿಮಗೂ ಸೇರಿಸಿ ತನ್ನಿ. ಇಲ್ಲೇ ಜೊತೇಲಿ ಕೂತು ಉಣ್ಣಿ.”