ಫಹಾದಾನ್ ಕೇರಿಯ ತೆರ್ಮೆ ಕಳವು

ಮೆಹ್ರ್ ತಿಂಗಳ ಒಂಬತ್ತನೇ ತಾರೀಖು, ಬೆಳಿಗ್ಗೆ ಒಂಬತ್ತಕ್ಕೆ ಬಟ್ಟೆ ವ್ಯಾಪಾರಿ ಹಾಜಿ ಅಸದುಲ್ಲಾ ಏದುಸಿರು ಬಿಡುತ್ತ ಇರಾನಿನ ಯಜ್ದ್ ಊರಿನ ಹಳೇ ಪೇಟೆಯ ಠಾಣೆಗೆ ಬಂದರು. ಗಿರಾಕಿಗೆ ತೋರಿಸಲೆಂದು ಮನೆಯಲ್ಲಿದ್ದ ಪೆಟ್ಟಿಗೆ ತೆರೆದರೆ, ಕೈಮಗ್ಗದಲ್ಲಿ ನೇಯ್ದ ರೇಷ್ಮೆಯ ತೆರ್ಮೆ ಹೊದಿಕೆ ಮಾಯವಾಗಿತ್ತು. ಹೆಂಡತಿ ಇಸ್ಮತ್‌ಳನ್ನು ಕೇಳಿದರೆ, ಮುಖ ಮುಚ್ಚಿಕೊಂಡ ಗಂಡಸೊಬ್ಬ ಬಾಗಿಲು ಬಡಿದು, ತನ್ನನ್ನು ತಳ್ಳಿ ಅದನ್ನು ಹೊತ್ತೊಯ್ದನೆಂದಳಂತೆ.

“ಯಾರ ಮೇಲಾದ್ರೂ ಅನುಮಾನ?” ಇನ್ಸ್‌ಪೆಕ್ಟರ್ ತಫ್ತಿ ಕೇಳಿದ.

“ಅನುಮಾನ ಯಾಕೆ? ನಮ್ಮಣ್ಣನ ಮಗ ಇರಜ್. ಅಂಗಡೀಲಿ ಪಾಲು ಕೇಳ್ದ, ಹೊರಗೆ ಹಾಕ್ದೆ. ಅವನೇ!”

ಎಫ್‌ಐಆರ್ ದಾಖಲಾಯಿತು. ಹನ್ನೊಂದರ ಹೊತ್ತಿಗೆ ಇರಜ್ ಲಾಕಪ್ಪಿನಲ್ಲಿದ್ದ. ಬೆಳಿಗ್ಗೆ ಎಲ್ಲಿದ್ದೆ ಎಂದರೆ ಸೈಕಲ್ ತುಳೀತಿದ್ದೆ ಎಂದ. ಯಜ್ದ್‌ನಲ್ಲಿ ಯಾರು ತಾನೇ ತುಳಿಯುವುದಿಲ್ಲ? ಮುಂದಿನ ವಾರ ಅವನ ಮದುವೆ. ಕಳ್ಳನೆಂಬ ಹೆಸರು ಅಂಟಿದರೆ ಹೆಣ್ಣಿನವರು ಹಿಂದೆ ಸರಿಯುವುದು ಖಂಡಿತ.

ತಫ್ತಿಗೆ ಸಮಾಧಾನವಿಲ್ಲ. ಈ ಊರಿನವರು ಸುಲಭಕ್ಕೆ ಸುಳ್ಳಾಡುವವರಲ್ಲ, ನಿಜ. ಆದರೆ ಮಾತಿನಲ್ಲೂ ಜಿಪುಣರು, ಕೇಳಿದ್ದಕ್ಕಿಂತ ಒಂದಕ್ಷರ ಹೆಚ್ಚು ಹೇಳರು. ಕಾನ್‌ಸ್ಟೇಬಲ್ ಮಾಶಾಲ್ಲಾನನ್ನು ಕರೆದುಕೊಂಡು ಸ್ಥಳ ಪಂಚನಾಮೆಗೆ ಹೊರಟ.

ಪೆಟ್ಟಿಗೆಯ ಬೀಗ ಒಡೆದಿರಲಿಲ್ಲ. ಅಷ್ಟು ದೊಡ್ಡ ಮನೆ, ಒಂದು ಕರೆಗಂಟೆ ಹಾಕಿಸಲು ಮಾತ್ರ ಹಾಜಿಗೆ ಕೈ ಬಂದಿಲ್ಲ! ಅಜ್ಜನ ಕಾಲದ ಕದದಲ್ಲಿ ಗಂಡಸರು ಬಡಿಯಲು ದಪ್ಪ ಕಬ್ಬಿಣದ ಸುತ್ತಿಗೆ, ಹೆಂಗಸರಿಗೆ ತೆಳ್ಳನೆಯ ಬಳೆ. ಬಂದವರು ಗಂಡೋ ಹೆಣ್ಣೋ ಒಳಗಿದ್ದವರಿಗೆ ಸದ್ದಿನಲ್ಲೇ ಗೊತ್ತಾಗುತ್ತದೆ.

“ಬಾಗಿಲು ತೆಗೆಯೋವಾಗ ತಲೆಗೆ ಚಾದರ ಹೊದ್ದಿದ್ರಾ ತಾಯಿ?” ತಫ್ತಿ ಇಸ್ಮತ್‌ಳನ್ನು ಕೇಳಿದ.

“ಇಲ್ಲ. ಕೈಯೆಲ್ಲ ಹಿಟ್ಟಾಗಿತ್ತು, ಹಾಗೇ ಹೋದೆ.”

“ಬರಿತಲೇಲಿ?”

“ಕೇಳಿದ್ದು ಬಳೆ ಸದ್ದಲ್ವಾ…” ಇಸ್ಮತ್ ತುಟಿ ಕಚ್ಚಿಕೊಂಡಳು.

“ನೋಡಿದ್ರಾ ಖದೀಮನ್ನ!” ಹಾಜಿ ಕೂಗಿದರು. “ಹೆಂಗಸರ ಬಳೆ ಬಡಿದು ಮೋಸ ಮಾಡಿದಾನೆ!”

ಇರಬಹುದು. ಆದರೆ ಹಾಗೆ ಮೋಸಹೋದ ಹೆಂಗಸು ಮೊದಲು ಅದನ್ನೇ ಹೇಳಿ ಬಾಯಿ ಬಡಿದುಕೊಳ್ಳಬೇಕಿತ್ತಲ್ಲ? ತಫ್ತಿ ಎದುರು ಮನೆಯತ್ತ ನಡೆದ. ಮುದುಕನೊಬ್ಬ ಜಗಲಿಯಲ್ಲಿ ಚಹಾ ಹೀರುತ್ತಿದ್ದ.

“ಬೆಳಿಗ್ಗೆ ಆ ಮನೆಗೆ ಯಾರು ಬಂದಿದ್ರು ಅಜ್ಜಾ?”

“ತೂಬಾ. ನೇಯ್ಗೆ ಸಕೀನಾಳ ಮಗಳು. ಅಳ್ತಾ ಬಂದ್ಲು, ಗಂಟು ಹಿಡ್ಕೊಂಡು ಹೋದ್ಲು.”

“ಬೆಳಿಗ್ಗೆ ನಾನು ಬಂದು ಕೇಳ್ದಾಗ್ಲೇ ಬಾಯಿ ಬಿಡೋಕೆ ಏನಾಗಿತ್ತು ನಿಂಗೆ?” ಮಾಶಾಲ್ಲಾ ಸಿಡುಕಿದ.

“ನೀನು ಕೇಳಿದ್ದು ಇರಜ್‌ನ ನೋಡಿದ್ಯಾ ಅಂತ. ಇಲ್ಲ ಅಂದೆ.”

ತಫ್ತಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಸಕೀನಾ ಹಿಂದಿನ ದಿನವೇ ತೀರಿಕೊಂಡಿದ್ದಳು. ಅವಳ ಮನೆಯಂಗಳದಲ್ಲಿ ಶವ ಮಲಗಿಸಿದ ಜನಾಜಾ ಎತ್ತಲು ಸಿದ್ಧವಾಗಿತ್ತು, ಅದರ ಮೇಲೆ ಕಳುವಾದ ತೆರ್ಮೆ ಹರಡಿತ್ತು. ಮಾಶಾಲ್ಲಾ ಕೈ ಚಾಚಿದ. ತಫ್ತಿ ಅವನ ರಟ್ಟೆ ಹಿಡಿದು ನಿಲ್ಲಿಸಿದ. ತೂಬಾ ಜನಾಜಾಕ್ಕೆ ಅಡ್ಡ ಬಂದು ನಿಂತಳು.

ಅಷ್ಟರಲ್ಲಿ ಇಸ್ಮತ್ ಓಡಿಬಂದಳು, ಹಿಂದೆಯೇ ಹಾಜಿ.

“ಅವಳನ್ನ ಬಿಡಿ ಸಾಹೇಬ್ರೇ. ಜನಾಜಾಕ್ಕೆ ಹೊದಿಸಲಿ ಅಂತ ಪೆಟ್ಟಿಗೆಯಿಂದ ತೆಗೆದುಕೊಟ್ಟೋಳು ನಾನು. ಗಂಡಸು ಬಂದ ಅನ್ನೋದು ಭಯಕ್ಕೆ ಕಟ್ಟಿದ ಕತೆ. ಇರಜ್ ಸಿಕ್ಕಿಬಿದ್ದ ಮೇಲೂ ಸುಮ್ಮನಿದ್ದೆನಲ್ಲಾ, ಆ ಪಾಪ ನಂದೇ.”

“ಒಂದು ಮಾತು ಕೇಳಿದ್ರೆ ನಾನೇ ಕೊಡ್ತಿರಲಿಲ್ವೇನೇ?” ಹಾಜಿ ಕೇಳಿದರು.

“ನಿನ್ನೆ ಕೇಳ್ದೆ. ನೇಯ್ದೋಳಿಗೆ ಕೂಲಿ ಕೊಟ್ಟಾಗಿದೆ ಅಂದ್ರಿ.”

ಹಾಜಿಗೆ ಆ ಮಾತು ಮರೆತೇಹೋಗಿತ್ತು.

ಜನಾಜಾ ಹೊರಟಿತು. ಮಣ್ಣಾಗುವವರೆಗೂ ತಫ್ತಿ ಗೋರಿಗಳ ಆಚೆ ನಿಂತಿದ್ದ, ಆಮೇಲಷ್ಟೇ ತೆರ್ಮೆಯನ್ನು ವಶಪಡಿಸಿಕೊಂಡು ಪಂಚನಾಮೆ ಬರೆದ. ಸುಳ್ಳು ಹೇಳಿಕೆ ಕೊಟ್ಟ ಆರೋಪದ ಮೇಲೆ ಇಸ್ಮತ್‌ಳನ್ನು ಬಂಧಿಸಲಾಯಿತು. ಸಂಜೆಯೇ ಇರಜ್ ಬಿಡುಗಡೆಯಾದ.

ಠಾಣೆಯಲ್ಲಿ ಇಸ್ಮತ್ ಕೊಟ್ಟ ಹೇಳಿಕೆ ಚಿಕ್ಕದು. ಆ ತೆರ್ಮೆ ನೇಯುತ್ತಲೇ ಸಕೀನಾಳ ಕಣ್ಣು ಹೋಗಿತ್ತು. “ಮನೆಗೆ ಬಂದಾಗೆಲ್ಲ ಒಂದ್ಸಲ ಮುಟ್ಟಿಸು ಇಸ್ಮತ್ ಅನ್ನೋಳು. ಇವರು ಕೊಳೆಯಾಗುತ್ತೆ ಅಂತ ಒಂದು ದಿನವೂ ಬಿಡಲಿಲ್ಲ.”