ಹರದನಹಳ್ಳಿಯ ನಲವತ್ತನಾಲ್ಕು ಹೆಣ್ಣುಮಕ್ಕಳು

"ನಮ್ಮೂರಿನ ಸರಾಸರಿ ತೆಗ್ದಿದ್ದು ಯಾರು ಸಾ?"

ಚನ್ನರಾಯಪಟ್ಟಣದ ಒಂದು ಸಣ್ಣ ಆರೋಗ್ಯ ಸಂಸ್ಥೆಯ ಬಾಗಿಲಲ್ಲಿ ನಿಂತು ಶೋಭಿತಾ ಕೇಳಿದಳು. ಕಂಪ್ಯೂಟರ್ ಮುಂದಿದ್ದ ಕೀರ್ತಿರಾಜ್ ತಾನೇ ಎಂದ.

ಹರದನಹಳ್ಳಿಯಲ್ಲಿ ಮನೆಮನೆಗೂ ಹೋಗಿ, ನಲವತ್ತನಾಲ್ಕು ಹೆಣ್ಣುಮಕ್ಕಳ ಬೆರಳು ಚುಚ್ಚಿ, ಹಿಮೋಗ್ಲೋಬಿನ್ ಬರೆದುಕೊಟ್ಟವಳು ಅವಳು. ಹನ್ನೆರಡಾದರೂ ಇರಬೇಕಾದ ಕಡೆ ಊರಿನ ಸರಾಸರಿ ಆರೂವರೆ ಬಂದಿತ್ತು. ಇಡೀ ಊರಿಗೇ ಅಷ್ಟು ಕಡಿಮೆ ಇರಲಾರದು, ಸುಳ್ಳು ಬರೆದಿದ್ದಾಳೆಂದು ಮೇಲ್ವಿಚಾರಕ ಮೋಹನ್‌ಕುಮಾರ್ ಅವಳನ್ನು ಕೆಲಸದಿಂದ ಬಿಡಿಸಿದ್ದರು.

"ಆರೂವರೆ ಇದ್ದಿದ್ದು ಸುಬ್ಬಮ್ಮಂಗೆ ಒಬ್ರಿಗೇ. ಅವ್ರದ್ದೇ ಕೊನೇ ಮನೆ. ನಾನೇ ಹಾಸನದ ಆಸ್ಪತ್ರೆಗೆ ಕರ್ಕೊಂಡೋಗಿ ಸೇರ್ಸಿದೀನಿ. ಮಿಕ್ಕ ನಲವತ್ಮೂರು ಜನ ಎಲ್ಲೋದ್ರು?"

ಕೊನೇ ಮನೆ... ಕೀರ್ತಿರಾಜ್ ಕಂಪ್ಯೂಟರಿನತ್ತ ತಿರುಗಿದ.

ತಾನು ರೂಬಿ ಎಂಬ ಕಂಪ್ಯೂಟರ್ ಭಾಷೆಯಲ್ಲಿ ಬರೆದಿದ್ದ ಪ್ರೋಗ್ರಾಮನ್ನು ತೆರೆದ. ಪ್ರತಿ ಸಾಲಿನಲ್ಲೂ ಒಂದು ಊರು, ಒಂದು ಅಂಕಿ. ಅವನ್ನು ಕೂಡಿಡುವ ಹ್ಯಾಶ್ ಎಂಬ ಕಪಾಟಿನಂಥದ್ದರಲ್ಲಿ ಊರಿಗೊಂದು ಖಾನೆ. ಆದರೆ ಹೊಸ ಅಂಕಿ ಬಂದಾಗಲೆಲ್ಲ ಹಳೆಯದು ಅಳಿಸಿಹೋಗುತ್ತಿತ್ತು! ಉಳಿದಿದ್ದು ಕೊನೆಯದೊಂದೇ. ಬೇರೆ ಊರುಗಳ ಕೊನೆಯ ಅಂಕಿ ಚೆನ್ನಾಗಿದ್ದರಿಂದ ಯಾರಿಗೂ ಅನುಮಾನ ಬಂದಿರಲಿಲ್ಲ.

ಅವಳಿಗೆ ಕುರ್ಚಿ ಎಳೆದುಕೊಟ್ಟು, ತಪ್ಪನ್ನು ಬಿಡಿಸಿ ಹೇಳಿದ. ಒಂದು ಖಾನೆಯಲ್ಲಿ ಒಂದಲ್ಲ, ಇಡೀ ಪಟ್ಟಿಯೇ ಕೂರುವಂತೆ ಆ ಸಾಲನ್ನು ತಿದ್ದಿ, ಎಂಟರ್ ಒತ್ತಿದ.

ಶೋಭಿತಾ ತೆರೆಯತ್ತ ಬಾಗಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಎರಡು ಸಾವಿರ ಅಂಕಿಗಳು ತಮ್ಮ ತಮ್ಮ ಊರು ಸೇರಿದ್ದವು. ಅರಕಲಗೂಡು ಕಡೆಯವು, ದೊಡ್ಡಗದ್ದವಳ್ಳಿಯವು... ಹರದನಹಳ್ಳಿಯ ಎದುರು ನಲವತ್ತನಾಲ್ಕೂ ಇದ್ದವು. ತಾನು ಹೊಸಿಲು ತುಳಿದ ಅದೇ ಕ್ರಮದಲ್ಲಿ! ಸರಾಸರಿ ಹತ್ತು ಪಾಯಿಂಟ್ ಎಂಟು.

'ಅಬ್ಬಾ... ಒಬ್ಬರೂ ತಪ್ಪಿಸಿಕೊಂಡಿಲ್ಲ!' ಅವಳ ಕಣ್ಣು ತುಂಬಿತು.

ಅವನು ಎದ್ದ. ಒಳಗಿನ ಕೋಣೆಯಲ್ಲಿ ಮೀಟಿಂಗ್ ನಡೆಯುತ್ತಿತ್ತು. ಎಲ್ಲರ ಎದುರೇ ಮೋಹನ್‌ಕುಮಾರ್ ಅವರಿಗೆ, "ತಪ್ಪು ನಂದು ಸಾ. ಈ ಹುಡ್ಗಿ ಬರ್ದಿರೋದು ಒಂದೊಂದೂ ನಿಜ," ಎಂದ. ಬೈಗುಳ ಬಂತು. ತಲೆ ತಗ್ಗಿಸಿ ಕೇಳಿಸಿಕೊಂಡ. ಆದರೆ ಅವಳ ಕೆಲಸ ವಾಪಸ್ ಸಿಗುವವರೆಗೂ ಅಲ್ಲಿಂದ ಕದಲಲಿಲ್ಲ. ಕಂಪ್ಯೂಟರಿನ ಚಮತ್ಕಾರಕ್ಕಿಂತ ದೊಡ್ಡದೇನನ್ನೋ ನೋಡಿದವಳಂತೆ ಶೋಭಿತಾ ಬಾಗಿಲಲ್ಲೇ ನಿಂತಿದ್ದಳು.

ಆಮೇಲೆ ಏನಾದರೂ ನೆಪ ಮಾಡಿಕೊಂಡು ಅವನು ಹರದನಹಳ್ಳಿಗೆ ಬರತೊಡಗಿದ. ಸುಬ್ಬಮ್ಮ ಚೇತರಿಸಿಕೊಂಡು ಮನೆಗೆ ಬಂದ ದಿನ, ಬಸ್‌ಸ್ಟಾಪಿನವರೆಗೂ ಇಬ್ಬರೂ ಜೊತೆಗೇ ನಡೆದರು.

"ನಿಮ್ಮಪ್ಪನ ಹತ್ರ ಒಂದು ಮಾತು ಕೇಳ್ಬೇಕು," ಎಂದ ಕೀರ್ತಿರಾಜ್.

"ಅಪ್ಪನ ಹತ್ರ ಆಮೇಲೆ ಕೇಳೀರಂತೆ. ಮೊದ್ಲು ನನ್ ಕೇಳ್ಬೇಕು ಕಣ್ರೀ."

ಅವನು ನಿಂತ. "ನನ್ನ ಮದ್ವೆ ಆಗ್ತೀರಾ?"

ಬಸ್ಸು ಬಂದು ನಿಂತಿತು. ಅವನು ಹತ್ತಲಿಲ್ಲ.

"ಮನೆಗೆ ಬನ್ನಿ," ಎಂದಳು ಅವಳು ಮೆಲ್ಲಗೆ. "ಅಪ್ಪ ಮನೇಲೇ ಅವ್ರೆ."