ಆರು ಹಸಿರು ಚುಕ್ಕಿಗಳು

"ಐಲ್ಸಾ, ನಿನ್ನ ಔಷಧ ಹುಳವನ್ನ ಕಾಪಾಡ್ತಿದೆಯೋ, ಇಲ್ಲ ಹುಳದ ಊಟ ಕಸೀತಿದೆಯೋ?"

ಡುನೀಡಿನ್‌ನ ಆ ಪ್ರಯೋಗಾಲಯದಲ್ಲಿ ಸೋಮವಾರದ ಸಭೆಯೆಂದರೆ ಎಲ್ಲರ ಕೈಯಲ್ಲೂ ಬಿಸಿ ಚೀಸ್ ರೋಲ್. ಸಹೋದ್ಯೋಗಿ ತಮಾಟಿಯ ಈ ಒಂದು ಪ್ರಶ್ನೆಗೆ ಅಗಿಯುತ್ತಿದ್ದ ಎಲ್ಲರ ಬಾಯೂ ನಿಂತಿತು.

ಐಲ್ಸಾಳ ಕಿವಿ ಕೆಂಪಾಯಿತು. ಕೇಳಿದವನು ಬೇರೆ ಯಾರಾದರೂ ಆಗಿದ್ದರೆ...!

ಅವಳ ಹುಳಗಳು ಒಂದು ಮಿಲಿಮೀಟರ್ ಉದ್ದದವು. ತಲೆಯಲ್ಲಿ ಡೋಪಮೈನ್ ಎಂಬ ರಾಸಾಯನಿಕ ತಯಾರಿಸುವ ನರಕೋಶಗಳು ಆರೇ ಆರು. ಸೂಕ್ಷ್ಮದರ್ಶಕದಡಿ ಹಸಿರು ಚುಕ್ಕಿಗಳಾಗಿ ಹೊಳೆಯುತ್ತವೆ. ಕೈಕಾಲು ನಡುಗಿಸುವ ಪಾರ್ಕಿನ್ಸನ್ ಕಾಯಿಲೆಯ ಪ್ರೋಟೀನನ್ನು ಹುಳದೊಳಗೆ ಸೇರಿಸಿದರೆ ಏಳನೆಯ ದಿನಕ್ಕೆ ಅವು ಒಂದೊಂದಾಗಿ ಆರುತ್ತವೆ. ಐಲ್ಸಾಳ ಔಷಧ ಬಿದ್ದ ತಟ್ಟೆಗಳಲ್ಲಿ ಮಾತ್ರ ಆರಿರಲಿಲ್ಲ. ಅದನ್ನೇ ಅವಳು ಈಗಷ್ಟೇ ಸಭೆಗೆ ಹೇಳಿದ್ದಳು.

ಎಣಿಸುವವರಿಗೆ ಯಾವ ತಟ್ಟೆಯಲ್ಲಿ ಔಷಧವಿದೆಯೆಂದು ಗೊತ್ತಿರಬಾರದು. ಅದಕ್ಕೇ ತಟ್ಟೆಗಳ ಮೇಲೆ ಇನ್ನೊಬ್ಬರು ಗುಟ್ಟಿನ ಹೆಸರು ಬರೆಯುತ್ತಾರೆ. ಐದು ತಿಂಗಳಿಂದ ಐಲ್ಸಾಳಿಗೆ ಬರೆದುಕೊಡುತ್ತಿದ್ದವನು ತಮಾಟಿ. ಟುಯಿ, ಕೇಯಾ, ವೇಕಾ... ಬರೀ ಹಕ್ಕಿಗಳ ಹೆಸರು! ಅವನಿಗಾಗಿ ಅವಳು ಪ್ರತಿ ಸೋಮವಾರ ಅರ್ಧ ರೋಲ್ ಎತ್ತಿಡುತ್ತಿದ್ದಳು.

ಅಂದು ಪೂರ್ತಿ ತಾನೇ ತಿಂದಳು. ಕಾರಿಡಾರಿನಲ್ಲಿ ಅವನನ್ನು ಅಡ್ಡಗಟ್ಟಿದಳು.

"ಎಲ್ಲರೆದುರಿಗೇ ಕೇಳ್ಬೇಕಿತ್ತಾ?"

"ಎಲ್ಲರೆದುರಿಗೇ ತಾನೆ ನೀನು ಹೇಳಿದ್ದು?"

"ಹೋದ ತಿಂಗಳು ಇನ್ವರ್‌ಕಾರ್ಗಿಲ್‌ಗೆ ನಮ್ಮನೆಗೆ ನೀನು ಬಂದಿದ್ದೆ. ಅಪ್ಪನ ಕೈ ನಡುಗಿ ಟೀ ಚೆಲ್ಲಿದಾಗ ನೀನೇ ಒರೆಸಿದ್ದೆ. ಅದನ್ನ ನೋಡಿಯೂ ಕೇಳಿದ್ಯಾ?"

"ನೋಡಿದ್ದಕ್ಕೇ ಕೇಳ್ದೆ."



"ಸರಿ! ಹುಳದ ಊಟಕ್ಕೆ ಸತ್ತ ಬ್ಯಾಕ್ಟೀರಿಯಾನೇ ಹಾಕ್ತೀನಿ, ಔಷಧ ಅದನ್ನ ಕೊಲ್ಲೋ ಹಾಗೇ ಇಲ್ಲ; ಎಲ್ಲ ತಟ್ಟೆಗೂ ಒಂದೇ ಅಳತೆ. ಹೆಸರು ನೀನೇ ಬರಿ. ನಾನು ಗೆದ್ದ ಮೇಲೆ ಮಾತ್ರ ನನ್ನ ಮುಖ ನೋಡ್ಬೇಡ!"

ಸಿಟ್ಟಿನಲ್ಲೇ ಹಳೆಯ ತಟ್ಟೆಗಳನ್ನು ತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು. ಔಷಧ ಹಾಕಿದವುಗಳಲ್ಲಿ ಹುಳ ತಿನ್ನುವ ಬ್ಯಾಕ್ಟೀರಿಯಾದ ಪದರ ತೆಳುವಾಗಿತ್ತು.

ಅರೆಹೊಟ್ಟೆಯ ಹುಳ ನಿಧಾನವಾಗಿ ಮುದಿಯಾಗುತ್ತದೆ, ಅದರ ನರಕೋಶಗಳೂ ಹೆಚ್ಚು ದಿನ ಬಾಳುತ್ತವೆ. ಹುಳ ಸಾಕುವವರಿಗೆಲ್ಲ ಗೊತ್ತಿರುವ ಸಂಗತಿ.

'ಇದನ್ನ ನಾನು ಮೊದಲೇ ನೋಡಿದ್ದೆ... ಬ್ಯಾಕ್ಟೀರಿಯಾ ಹಾಕುವಾಗಲೇ ಕಡಿಮೆ ಬಿತ್ತೇನೋ ಅಂದುಕೊಂಡು ಸುಮ್ಮನಾದೆ. ಔಷಧ ಸಿಕ್ಕಿತು ಅಂತ ಅಪ್ಪನಿಗೂ ಹೇಳಿಬಿಟ್ಟೆ!'

ಅಷ್ಟರಲ್ಲಿ ಪ್ರಯೋಗಾಲಯದ ಮುಖ್ಯಸ್ಥ ಡಂಕನ್ ಬಂದರು.

"ತಮಾಟಿ ಮಾತು ತಲೆಗೆ ಹಚ್ಕೋಬೇಡ. ನಿನ್ನ ಔಷಧದ ಪ್ರಬಂಧ ಶುಕ್ರವಾರವೇ ಪತ್ರಿಕೆಗೆ ಹೋಗ್ಲಿ. ಯಾರಾದ್ರೂ ಕೇಳಿದ್ರೆ ಆಮೇಲೆ ನೋಡೋಣ."

"ಇಲ್ಲ ಡಂಕನ್. ಎರಡು ವಾರ ಬೇಕು."

"ಅಷ್ಟರಲ್ಲಿ ಬೇರೆಯವರು ಪ್ರಕಟಿಸಿದ್ರೆ?"

"ಪ್ರಕಟಿಸ್ಲಿ. ತಪ್ಪನ್ನ ಮೊದಲು ಹೇಳಿದ ಕೀರ್ತಿ ಅವರಿಗೇ ಇರ್ಲಿ!"

"ಈ ಪ್ರಬಂಧ ಇಲ್ದೆ ನಿನ್ನ ಹುದ್ದೆ ಮುಂದುವರಿಸೋದು ಕಷ್ಟ, ಗೊತ್ತಲ್ಲ?"

"ಗೊತ್ತು. ಕಾಯೋಕಾಗಲ್ಲ ಅಂದ್ರೆ ನನ್ನ ಹೆಸರು ತೆಗೆದು ಕಳಿಸಿ. ಯಾಕೆ ತೆಗೆದ್ರಿ ಅಂತ ಕೇಳಿದವರಿಗೆಲ್ಲ ನಾನೇ ಹೇಳ್ತೀನಿ."

ಡಂಕನ್ ಅವಳನ್ನೇ ದಿಟ್ಟಿಸಿದರು. ಅವಳು ಕಣ್ಣು ತಗ್ಗಿಸಲಿಲ್ಲ. ಕೊನೆಗೆ ಅವರೇ ಬಾಗಿಲು ಎಳೆದುಕೊಂಡು ಹೋದರು. ಪ್ರಬಂಧ ಹೋಗಲಿಲ್ಲ.

ಎರಡು ವಾರ ತಮಾಟಿ ತಟ್ಟೆಗಳನ್ನು ಮೇಜಿನ ಮೇಲಿಟ್ಟು ಹೋಗುತ್ತಿದ್ದ. ಮಾತಿಲ್ಲ... ಅರ್ಧ ರೋಲೂ ಇಲ್ಲ...

ಮುನ್ನೂರು ಹುಳಗಳನ್ನು ಎಣಿಸಿ ಮುಗಿಸಿದ ಮಧ್ಯಾಹ್ನ, ಯಾವ ಹೆಸರಿನ ತಟ್ಟೆಯಲ್ಲಿ ಏನಿದೆಯೆಂದು ತಮಾಟಿ ಬರೆದು ಮುಚ್ಚಿಟ್ಟಿದ್ದ ಲಕೋಟೆಯನ್ನು ಅವಳು ಒಡೆದಳು. ಟುಯಿ, ವೇಕಾ: ಔಷಧ. ಉಳಿದವು: ಬರೀ ನೀರು. ಎರಡೂ ಗುಂಪುಗಳಲ್ಲಿ ಸರಾಸರಿ ಮೂರೇ ಚುಕ್ಕಿ ಉಳಿದಿದ್ದವು.

ಔಷಧ ಏನನ್ನೂ ಕಾಪಾಡಿರಲಿಲ್ಲ!

ಅವಳು ಅಳಲಿಲ್ಲ. ಫೋನನ್ನು ಮೇಜಿನ ಮೇಲಿಟ್ಟು ಸ್ಪೀಕರ್ ಹಾಕಿ ಅಪ್ಪನಿಗೆ ಕರೆ ಮಾಡಿದಳು.

"ಅಪ್ಪಾ, ನಾನು ಹೇಳಿದ್ದು ತಪ್ಪು. ಆ ಔಷಧ ಕೆಲಸ ಮಾಡಲ್ಲ."

ಆ ಕಡೆ ಟೀ ಕಪ್ ಬಸಿಗೆ ತಾಗಿ ಸಣ್ಣಗೆ ಕಟಕಟಿಸಿತು.

"ಯಾರು ಕಂಡುಹಿಡಿದಿದ್ದು?"

"ತಮಾಟಿ."

"ಟೀ ಒರೆಸಿದೋನಾ? ಔಷಧ ಹೋದ್ರೆ ಹೋಗ್ಲಿ ಬಿಡು ಮಗಳೇ. ಅವನನ್ನ ಮಾತ್ರ ಬಿಡ್ಬೇಡ."

ಬಾಗಿಲಲ್ಲಿ ಯಾರೋ ಕೆಮ್ಮಿದರು. ಐಲ್ಸಾ ಗಡಿಬಿಡಿಯಿಂದ ಫೋನ್ ಇಟ್ಟಳು. ಅರ್ಧ ಚೀಸ್ ರೋಲ್ ಹಿಡಿದು ತಮಾಟಿ ನಿಂತಿದ್ದ, ಕಣ್ಣು ನೆಲದ ಮೇಲೆ.

"ತಣ್ಣಗಾಗಿದೆ," ಎಂದ. "ಐಲ್ಸಾ... ನಿನಗೆ ನೋವಾಗುತ್ತೆ ಅಂತ ಗೊತ್ತಿತ್ತು. ಸುಳ್ಳು ಔಷಧ ನಂಬಿ ನಿಮ್ಮಪ್ಪ ಕಾಯೋದನ್ನ ನೋಡೋಕಾಗ್ಲಿಲ್ಲ ಕಣೇ. ನಂಗೆ ನಿನ್ನ ಮೇಲೆ ಪ್ರೀತಿ ಇಲ್ದಿದ್ರೆ ಸುಮ್ಮನೆ ಚಪ್ಪಾಳೆ ತಟ್ತಿದ್ದೆ."

ಅವಳು ಕಪಾಟು ತೆರೆದು ಸೀಸೆಗಳ ಪೆಟ್ಟಿಗೆಯೊಂದನ್ನು ಅವನ ಕೈಗಿಟ್ಟಳು.

"ಇನ್ನೂ ನಲವತ್ತು ಔಷಧ ಇವೆ. ಡಂಕನ್ ಹೊರಗೆ ಹಾಕೋವರೆಗೂ ಒಂದೊಂದಾಗಿ ನೋಡ್ತೀನಿ. ಹೆಸರು ಬರೆಯೋಕೆ ನೀನಿರ್ತೀಯಾ?"

"ಇರ್ತೀನಿ. ಹಕ್ಕಿ ಮುಗಿದ್ರೆ ಮೀನಿನ ಹೆಸರು ಬರೀತೀನಿ." ಅವನು ಇನ್ನೂ ತಲೆ ಎತ್ತಿರಲಿಲ್ಲ.

"ನೆಲದಲ್ಲೇನಿದೆ?"

"ಗೆದ್ದ ಮೇಲೆ ಮುಖ ನೋಡ್ಬೇಡ ಅಂತ ನೀನೇ ಅಂದಿದ್ದೆ..."

ಐಲ್ಸಾ ಅವನ ಗಲ್ಲ ಹಿಡಿದು ಮೇಲೆತ್ತಿದಳು.

"ನಾನು ಗೆದ್ದಿಲ್ಲವಲ್ಲೋ... ನೋಡು!"